ಅಳತೆಯ ಅಕ್ಕರೆ



ಡಿಸೆಂಬರ್ 31ರ ರಾತ್ರಿ ತಂದ ಕೇಕಿನ ಒಂದೆರಡು ತುಂಡು ಹೊಸ ವರ್ಷ ಬಂದ ಮೇಲೂ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಉಳಿದಿರುತ್ತದೆ. ತಿನ್ನಲು ಯಾರಿಗೂ ಬೇಡ, ಎಸೆಯಲು ಮನಸ್ಸಿಲ್ಲ. ಅಷ್ಟರಲ್ಲಿ ಬಾಲ ಅಲ್ಲಾಡಿಸುತ್ತ ನಾಯಿ ಬಂದು ನಿಲ್ಲುತ್ತದೆ. "ಪಾಪ, ಅದಕ್ಕೂ ಹೊಸ ವರ್ಷ ಅಲ್ಲವೇ" ಎಂದು ಹಾಕಿಬಿಡುತ್ತೇವೆ. ಅದು ಪ್ಲಮ್ ಕೇಕಾದರೆ ಅದರೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್ ಕೇಕಾದರೆ, ಅದರಲ್ಲಿರುವ ಥಿಯೋಬ್ರೊಮಿನ್ ಎಂಬ ಅಂಶವನ್ನು ನಮ್ಮ ದೇಹ ಬೇಗ ಅರಗಿಸಿಕೊಳ್ಳುತ್ತದೆ. ನಾಯಿಯ ದೇಹಕ್ಕೆ ಅದು ಬಹಳ ಹೊತ್ತಿನ ಕೆಲಸ, ಅಷ್ಟರೊಳಗೆ ಎದೆಬಡಿತ ಏರುಪೇರಾಗಬಹುದು. ನಿನ್ನೆಯ ಹುಳಿ, ಪಲ್ಯ, ಬಿರಿಯಾನಿಯ ತಳದಲ್ಲಿ ಉಳಿದ ಈರುಳ್ಳಿ, ಬೆಳ್ಳುಳ್ಳಿಯೂ ಅಷ್ಟೇ. ಎಷ್ಟು ಬೆಂದಿದ್ದರೂ ಅವು ನಾಯಿ, ಬೆಕ್ಕುಗಳ ರಕ್ತದ ಕೆಂಪುಕಣಗಳಿಗೆ ಕುತ್ತು ತರುತ್ತವೆ.

ಇದನ್ನೆಲ್ಲ ಹಾಕುವವರು ಕೆಟ್ಟವರೇನಲ್ಲ. ಅಕ್ಕರೆ ಇದ್ದವರೇ ಹಾಕುವುದು. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಅಕ್ಕರೆಯ ಬಗ್ಗೆಯೇ.

ನಾಯಿ ಸಾಕಿರುವ ಒಂದು ಮನೆಯ ಬೆಳಗನ್ನು ನೋಡಿ. ಅಜ್ಜ ಕಾಫಿ ಕುಡಿಯುತ್ತ ಎರಡು ಬಿಸ್ಕತ್ತು ಮುರಿದು ಹಾಕುತ್ತಾರೆ. ಅಮ್ಮ ದೋಸೆ ಹುಯ್ಯುವಾಗ ಕಾವಲಿಗೆ ಅಂಟಿ ಹರಿದ ಮೊದಲ ದೋಸೆ ನಾಯಿಯ ಪಾಲು. ಶಾಲೆಯ ವ್ಯಾನು ಬರುವ ಅವಸರದಲ್ಲಿ ಮಕ್ಕಳು ತಮಗೆ ಸೇರದ್ದನ್ನು ಮೇಜಿನ ಕೆಳಗೆ ಸರಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಅಪ್ಪ ಬಂದು ನಾಯಿಯ ತಟ್ಟೆಗೆ ಅದರ ಊಟ ಹಾಕಿ, "ಯಾಕೋ ಇವತ್ತು ಸರಿಯಾಗಿ ತಿನ್ನಲಿಲ್ಲವಲ್ಲ" ಎಂದು ಚಿಂತೆ ಮಾಡುತ್ತಾರೆ! ಅಕ್ಕಿಗೆ ಪಾವು ಇಟ್ಟುಕೊಂಡಿರುವ ಮನೆಯಲ್ಲಿ ನಾಯಿಯ ಊಟಕ್ಕೆ ಮಾತ್ರ ಅಳತೆಯಿಲ್ಲ.

ಅಳತೆ ಎಂದರೆ ಜಿಪುಣತನ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಾಗಿದ್ದಾಗಿನಿಂದ ಕೊನೆಯವರೆಗೂ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದು ತಿಂದದ್ದಕ್ಕಿಂತ ಕಾಲು ಭಾಗ ಕಡಿಮೆಯನ್ನು ಇನ್ನೊಂದಕ್ಕೆ ಕೊಟ್ಟರು. ಹೆಚ್ಚು ತಿಂದ ಗುಂಪು ಬದುಕಿದ್ದು ಹನ್ನೊಂದು ವರ್ಷ ಚಿಲ್ಲರೆ, ಕಡಿಮೆ ತಿಂದ ಗುಂಪು ಸುಮಾರು ಹದಿಮೂರು ವರ್ಷ. ಕೀಲುಗಳ ಬೇನೆಯೂ ಆ ಎರಡನೆಯ ಗುಂಪಿಗೆ ತಡವಾಗಿ ಬಂತು. ಈ ಅಧ್ಯಯನ ನಡೆಸಿದ್ದು ನಾಯಿಯ ಆಹಾರ ಮಾರುವ ಕಂಪನಿ ಎಂಬುದನ್ನೂ ಹೇಳಿಬಿಡುತ್ತೇನೆ. ಮಾರುವವರೇ ಕಡಿಮೆ ಹಾಕಿ ಎಂದಾಗ ಸ್ವಲ್ಪ ಕಿವಿಗೊಡುವುದು ಒಳ್ಳೆಯದು. ಹಾಗೆಂದು ನಾಳೆಯಿಂದಲೇ ನಿಮ್ಮ ನಾಯಿಯ ಊಟವನ್ನು ಕಾಲು ಭಾಗ ಕತ್ತರಿಸಬೇಡಿ. ಮೊದಲು ಅದರ ಪಕ್ಕೆಯ ಮೇಲೆ ಕೈಯಾಡಿಸಿ ನೋಡಿ. ಪಕ್ಕೆಲುಬು ಒತ್ತದೆಯೇ ಬೆರಳಿಗೆ ಸಿಕ್ಕರೆ ಸರಿ. ಹುಡುಕಬೇಕಾದರೆ ತೂಕ ಹೆಚ್ಚಿದೆ. ಎಷ್ಟು ಇಳಿಸಬೇಕು, ಹೇಗೆ ಇಳಿಸಬೇಕು ಎಂಬುದನ್ನು ಪಶುವೈದ್ಯರು ಹೇಳುತ್ತಾರೆ.

ನಾವು ಬಿಸ್ಕತ್ತು ಕೊಟ್ಟಾಗ ನಾಯಿ ಕುಣಿಯುತ್ತದೆ. ಆ ಕುಣಿತ ನೋಡುವ ಸುಖ ನಮ್ಮದು. ನಾಲ್ಕು ವರ್ಷ ಕಳೆದ ಮೇಲೆ ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತು ಮೇಲೆ ನೋಡುವ ಕಷ್ಟ ಅದರದು. ಸುಖ ಒಬ್ಬರಿಗೆ, ಕಷ್ಟ ಇನ್ನೊಬ್ಬರಿಗೆ ಹೋಗುವ ಇಂಥ ವ್ಯವಹಾರ ಮನುಷ್ಯರ ನಡುವೆ ನಡೆದರೆ ನಾವು ಬೇರೆ ಹೆಸರಿನಿಂದ ಕರೆಯುತ್ತೇವೆ. ಪ್ರಾಣಿಯ ವಿಷಯದಲ್ಲಿ ಮಾತ್ರ ಅದನ್ನು ಮುದ್ದು ಎನ್ನುತ್ತೇವೆ.

ಬೆಕ್ಕಿನ ವಿಷಯ ಇನ್ನೂ ಸೂಕ್ಷ್ಮ. ನಾಯಿ ಸಾವಿರಾರು ವರ್ಷ ಮನುಷ್ಯನ ಜೊತೆಗಿದ್ದು ಅನ್ನ, ರೊಟ್ಟಿ, ಮುದ್ದೆಯನ್ನು ಸಾಕಷ್ಟು ಅರಗಿಸಿಕೊಳ್ಳಲು ಕಲಿತಿದೆ. ಬೆಕ್ಕು ಕಲಿಯಲಿಲ್ಲ, ಅದು ಹುಟ್ಟಾ ಮಾಂಸಾಹಾರಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶ ಮಾಂಸ, ಮೀನುಗಳಲ್ಲಿ ಸಿಗುತ್ತದೆ, ಮೊಸರನ್ನದಲ್ಲಿ ಸಾಕಷ್ಟು ಸಿಗುವುದಿಲ್ಲ. ವರ್ಷಗಟ್ಟಲೆ ಅದು ಸಾಲದೆ ಹೋದರೆ ಬೆಕ್ಕು ಕುರುಡಾಗಬಹುದು, ಹೃದಯ ಸೋಲಬಹುದು. ಬೆಕ್ಕಿಗೆ ಹಾಲೇ ಊಟ ಎಂದು ನಾವೆಲ್ಲ ಚಿಕ್ಕಂದಿನಿಂದ ಚಿತ್ರಪುಸ್ತಕದಲ್ಲಿ ನೋಡಿದ್ದೇವೆ. ನಿಜವಾಗಿ ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಸರಿಯಾಗಿ ಜೀರ್ಣವಾಗದೆ ಭೇದಿಯಾಗಬಹುದು. ಸಸ್ಯಾಹಾರ ನಮ್ಮ ಮನೆಯ ಆಚಾರ. ಅದನ್ನು ನಾವು ನಿಷ್ಠೆಯಿಂದ ಪಾಲಿಸೋಣ, ಯಾರೂ ಬೇಡ ಎನ್ನುವುದಿಲ್ಲ. ಆದರೆ ನಮ್ಮ ವ್ರತವನ್ನು ಬೆಕ್ಕಿನ ತಲೆಗೆ ಕಟ್ಟಬಾರದು. ಅದಕ್ಕೆ ಸಲ್ಲಬೇಕಾದ ಆಹಾರವನ್ನು ಮನೆಯೊಳಗೆ ತರಲು ಮನಸ್ಸು ಒಪ್ಪದಿದ್ದರೆ ಬೆಕ್ಕನ್ನು ಸಾಕದಿರುವುದೇ ಧರ್ಮ. ಇದು ಕೆಲವರಿಗೆ ಕಹಿಯೆನಿಸಬಹುದು, ಆದರೂ ಹೇಳಬೇಕಾದ ಮಾತು.

ಇನ್ನು ನಡಿಗೆ. ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯವರೆಗೆ ಬಾಲ್ಕನಿಯಲ್ಲಿ ಕಟ್ಟಿಹಾಕಿದ ನಾಯಿಗಳ ಬೊಗಳು ಕೇಳುತ್ತಲೇ ಇರುತ್ತದೆ. ಪ್ರಾಣಿಹಿಂಸೆ ತಡೆಯುವ ನಮ್ಮ ದೇಶದ ಕಾನೂನು 1960ರದು. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಓಡಾಡಿಸದೆ ಇರುವುದೂ ಕ್ರೌರ್ಯ ಎಂದು ಅದರ 11ನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಸಲದ ತಪ್ಪಿಗೆ ಅದರಲ್ಲಿ ಬರೆದಿರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅಷ್ಟು ದುಡ್ಡಿಗೆ ಹೆದರಿ ಯಾರೂ ನಾಯಿಯನ್ನು ಹೊರಗೆ ಕರೆದೊಯ್ಯುವುದಿಲ್ಲ, ಮನಸ್ಸಿಗೆ ಅನಿಸಿಯೇ ಕರೆದೊಯ್ಯಬೇಕು. ಕರೆದೊಯ್ದಾಗ ಮೊಬೈಲು ಜೇಬಿನಲ್ಲಿರಲಿ. ನಾಯಿ ಕಂಬದ ಬಳಿ ನಿಂತು ಮೂಸುತ್ತಿದ್ದರೆ ಹಗ್ಗ ಜಗ್ಗಬೇಡಿ. ಅದು ಲೋಕವನ್ನು ತಿಳಿಯುವುದು ಮೂಗಿನಿಂದ, ಹೊರಗೆ ಬಂದದ್ದೇ ಅದಕ್ಕಾಗಿ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಹೊತ್ತು ಬದಲಾಯಿಸಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುತ್ತಲೇ ಅದು ಮೈ ತಣಿಸಿಕೊಳ್ಳಬೇಕು. ಡಾಂಬರು ರಸ್ತೆಯ ಮೇಲೆ ನಿಮ್ಮ ಅಂಗೈ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಸುಡುತ್ತದೆ.

ನಾಯಿಗಾಗಿ ನೇಮ ಇಟ್ಟುಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲೊಂದು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೇರ ಎಂಬ ಯೋಧನಿಗೆ, ಬೇಕಾದ್ದನ್ನು ಕೇಳು ಎಂದು ಒಡೆಯ ಮೆಚ್ಚಿ ನುಡಿದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕಲ್ಲಿನ ಮೇಲಿದೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಚಿತ್ರಕ್ಕಿಂತ ಶಾಸನದ ಒಂದು ಕಟ್ಟಳೆ: ಆ ಸ್ಥಳವನ್ನು ನೋಡಿಕೊಳ್ಳುವ ಗೊರವನು, ಎಂದರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ದಿನವೂ, ತಾನು ಉಣ್ಣುವ ಮೊದಲು, ಒಂದು ನಾಯಿಗಾಗಿ ಮಾಡಬೇಕಾದ ಕೆಲಸವನ್ನು ಒಬ್ಬ ಮನುಷ್ಯನಿಗೆ ವಹಿಸಿದ್ದರು. ಸತ್ತ ನಾಯಿಗೇ ಇಷ್ಟು ನೇಮ ಇಟ್ಟ ನಾಡು ನಮ್ಮದು. ಬದುಕಿರುವ ನಾಯಿಯ ನೀರಿನ ಬಟ್ಟಲನ್ನು ನಮ್ಮ ಕಾಫಿಗೆ ಮೊದಲು ತೊಳೆದು ತುಂಬಿಸುವುದು ದೊಡ್ಡ ವ್ರತವೇನಲ್ಲ.

ನಾಯಿ ಬಾಲ ಡೊಂಕು ಎಂದು ಗಾದೆ ಕಟ್ಟಿದವರು ಯಾರೋ. ಊಟದ ಹೊತ್ತು, ನಡಿಗೆಯ ಹೊತ್ತು ಗೊತ್ತುಮಾಡಿ ನೋಡಿ, ಕೆಲವೇ ದಿನಗಳಲ್ಲಿ ನಾಯಿ ಆ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿ ಬಂದು ಕೂತಿರುತ್ತದೆ. ಜನವರಿಯಲ್ಲಿ ಸಂಕಲ್ಪ ಮಾಡಿ ಸಂಕ್ರಾಂತಿಯ ಹೊತ್ತಿಗೆ ಹಳೆಯ ದಾರಿ ಹಿಡಿಯುವವರು ನಾವು. ಹೀಗಾಗಿ ಎಲ್ಲ ಕೆಲಸವನ್ನೂ ಒಟ್ಟಿಗೆ ಹೊತ್ತುಕೊಳ್ಳುವುದು ಬೇಡ. ಊಟ ಹಾಕುವವರು ಮನೆಯಲ್ಲಿ ಒಬ್ಬರೇ ಇರಲಿ, ಅಳೆಯುವ ಲೋಟ ಒಂದೇ ಇರಲಿ. ಅಜ್ಜನ ಕೈಯಿಂದಲೇ ಬಿಸ್ಕತ್ತು ಬೇಕು ಎಂದು ನಾಯಿ ಹಟ ಹಿಡಿದರೆ ಬಿಸ್ಕತ್ತಿನ ಬದಲು ಒಂದು ತುಂಡು ಕ್ಯಾರೆಟ್ ಅಜ್ಜನ ಕೈಗೇ ಕೊಡಿ. ಸಂಜೆ ಮುದ್ದು ಮಾಡುವಾಗ ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ ಉಣ್ಣೆಹುಳ ಕೂತಿದೆಯೇ ನೋಡಿ, ಅದು ಜ್ವರ ತರುತ್ತದೆ. ಹಲ್ಲುಜ್ಜುವುದಾದರೆ ನಾಯಿಗೆಂದೇ ಸಿಗುವ ಪೇಸ್ಟು ಬಳಸಿ, ನಮ್ಮದನ್ನು ಅದು ನುಂಗಬಾರದು.

ಒಂದು ಕೆಲಸ ಮಾತ್ರ ಮುಂದೂಡುವಂಥದ್ದಲ್ಲ: ರೇಬೀಸಿನ ಲಸಿಕೆ. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಪ್ರಾಣಿಗಾಗಲಿ ಮನುಷ್ಯನಿಗಾಗಲಿ ಬದುಕು ಉಳಿಯುವುದಿಲ್ಲ ಎಂದೇ ಹೇಳಬೇಕು. 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ಇಲ್ಲವಾಗಿಸುವ ಗುರಿಯನ್ನು ದೇಶ ಇಟ್ಟುಕೊಂಡಿದೆ. ಬೀದಿನಾಯಿಗಳ ಬಗ್ಗೆ ಎಲ್ಲರೂ ಜೋರಾಗಿ ಮಾತನಾಡುತ್ತೇವೆ, ಆದರೆ ಮನೆಯ ನಾಯಿಯ, ಬೆಕ್ಕಿನ ಲಸಿಕೆಯ ಕಾರ್ಡು ಯಾವ ಡ್ರಾಯರಿನಲ್ಲಿದೆ ಎಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಈ ಮಾತು ಮುಗಿದ ಕೂಡಲೇ ಅದನ್ನು ಹುಡುಕಿ ದಿನಾಂಕ ನೋಡಿ. ದಾಟಿದ್ದರೆ ಈ ವಾರವೇ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.