ಉಚ್ಚಾರ ಕೇಳಿದ್ರೆ ಸಾಕು, ವಿಲನ್ ರೆಡಿ!

ಶಿರೂರಿನಿಂದ ಮಾತಾಡಾಕತ್ತೀನಿ. ಅಂಕೋಲಾ ಕಡೆ ಶಿರೂರಲ್ಲ, ಉಡುಪಿ ಕಡೆ ಶಿರೂರೂ ಅಲ್ಲ, ನಮ್ಮ ಬಾಗಲಕೋಟೆ ಶಿರೂರು.

ಇವತ್ತು ಒಂದು ಸಣ್ಣ ಆಟದಿಂದ ಶುರು ಮಾಡೋಣ. ಕಣ್ಣು ಮುಚ್ಚಿಕೊಳ್ಳಿ. ಹಾಲಿವುಡ್ ಸಿನಿಮಾ ಒಂದು ಓಡ್ತಾ ಇದೆ. ಕತ್ತಲೆ ಕೋಣೆ. ದಪ್ಪ ದನಿಯೊಳಗ ಒಬ್ಬ ಇಂಗ್ಲಿಷ್ ಮಾತಾಡ್ತಾನೆ, ಆದರೆ ‘ರ’ ಅಕ್ಷರ ಬಂದಾಗೆಲ್ಲ ನಾಲಿಗೆ ಉರುಳಿಸ್ತಾನೆ. ಈಗ ಹೇಳಿ, ಅವನು ಒಳ್ಳೆಯವನೋ, ಕೆಟ್ಟವನೋ?

ಎಲ್ಲರ ಉತ್ತರ ಒಂದೇ, ಹೌದಿಲ್ಲೋ? ಅವನ ಮುಖ ನೋಡಿಲ್ಲ, ಅವನೇನು ಮಾಡಿದ ಅಂತ ಗೊತ್ತಿಲ್ಲ. ಉಚ್ಚಾರ ಕೇಳಿದ್ವಿ, ತೀರ್ಪು ಕೊಟ್ವಿ.

1985ರ ‘ರಾಕಿ 4’ ಸಿನಿಮಾ ತಗೊಳ್ಳಿ. ಅದರೊಳಗ ಇವಾನ್ ಡ್ರಾಗೋ ಅಂತ ಸೋವಿಯತ್ ಬಾಕ್ಸರ್ ಬರ್ತಾನೆ. ಹೀರೋನ ಗೆಳೆಯನನ್ನು ರಿಂಗಿನಲ್ಲೇ ಹೊಡೆದು ಸಾಯಿಸ್ತಾನೆ, ಮಾತು ಮಾತ್ರ ಬೆರಳೆಣಿಕೆಯಷ್ಟು. ಆ ಪಾತ್ರ ಮಾಡಿದ್ದು ಡಾಲ್ಫ್ ಲಂಡ್‌ಗ್ರೆನ್, ಸ್ವೀಡನ್ ದೇಶದವರು. 1997ರ ‘ಏರ್ ಫೋರ್ಸ್ ಒನ್’ನಲ್ಲಿ ಅಮೆರಿಕ ಅಧ್ಯಕ್ಷರ ವಿಮಾನ ಹೈಜಾಕ್ ಮಾಡುವವನು ಗ್ಯಾರಿ ಓಲ್ಡ್‌ಮನ್, ಅವರು ಇಂಗ್ಲೆಂಡಿನವರು. ನೀವೆಲ್ಲ ಮೊಬೈಲಿನಲ್ಲಿ ನೋಡಿರುವ 2014ರ ‘ಜಾನ್ ವಿಕ್’ ಸಿನಿಮಾದ ರಷ್ಯನ್ ಮಾಫಿಯಾ ಡಾನ್, ಮೈಕೆಲ್ ನಿಕ್ವಿಸ್ಟ್. ಮತ್ತೆ ಸ್ವೀಡನ್! ಅವನ ಮಗನ ಪಾತ್ರಧಾರಿ ಇಂಗ್ಲೆಂಡಿನವನು. ಅದೇ ವರ್ಷ ಬಂದ ‘ದಿ ಈಕ್ವಲೈಜರ್’ನ ರಷ್ಯನ್ ಕೊಲೆಗಾರ ನ್ಯೂಜಿಲೆಂಡಿನವನು.

ವಿಚಿತ್ರ ನೋಡ್ರಿ, ನಾನು ಹೇಳಿದ ಇಷ್ಟೂ ಮಂದಿಯೊಳಗ ಒಬ್ಬನೂ ರಷ್ಯಾದವನಲ್ಲ. ಅಂದಮೇಲೆ ನಾವು ಪರದೆಯ ಮೇಲೆ ನೋಡಿದ್ದು ರಷ್ಯನ್ನರನ್ನಲ್ಲ. ರಷ್ಯನ್ ಅಂದ್ರೆ ಹಿಂಗಿರ್ತಾನೆ ಅಂತ ಬೇರೆಯವರು ಹೊಲಿದ ಒಂದು ಅಂಗಿ. ಯಾರು ಬೇಕಾದ್ರೂ ಹಾಕ್ಕೊಬಹುದು.

ಈ ಅಂಗಿ ಯಾಕೆ ಇಷ್ಟು ವರ್ಷ ಹರಿದಿಲ್ಲ? ಬಿ.ಕಾಂ ಓದಿದವ ನಾನು, ಖರ್ಚಿನ ಲೆಕ್ಕದಲ್ಲೇ ಹೇಳ್ತೀನಿ. ಸಿನಿಮಾದಾಗ ಪ್ರತಿ ನಿಮಿಷಕ್ಕೂ ರೊಕ್ಕ. ಒಬ್ಬ ಮನುಷ್ಯ ಯಾಕೆ ಕೆಟ್ಟವನಾದ ಅಂತ ತೋರಿಸೋಕೆ ಹತ್ತು ನಿಮಿಷ ಬೇಕು. ಉಚ್ಚಾರ ಇದ್ರೆ ಹತ್ತು ಸೆಕೆಂಡ್ ಸಾಕು. ಶೀತಲ ಸಮರದ ಕಾಲದಲ್ಲಿ ಇದಕ್ಕೆ ರಾಜಕೀಯ ಕಾರಣ ಇತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಮುರಿದುಬಿತ್ತು, ಆದ್ರೆ ರೆಡಿಮೇಡ್ ವಿಲನ್ ಮಾತ್ರ ಉಳಿದ. ಮಿಲಿಟರಿ ಕೋಟು ಬಿಚ್ಚಿಟ್ಟು, ಮೈತುಂಬ ಹಚ್ಚೆ ಹಾಕಿಸಿಕೊಂಡು ಮಾಫಿಯಾ ಸೇರಿದ, ಅಷ್ಟೇ. ರಷ್ಯಾದವರೇನು ಕಡಿಮೆ ಇಲ್ಲ. 2000ದಲ್ಲಿ ಅಲ್ಲಿ ಭಾಳ ಓಡಿದ ‘ಬ್ರಾತ್ 2’ ಸಿನಿಮಾದ ಹೀರೋ ಶಿಕಾಗೋಗೆ ಹೋಗಿ ಅಮೆರಿಕದ ದುಷ್ಟ ಶ್ರೀಮಂತನಿಗೆ ಬುದ್ಧಿ ಕಲಿಸ್ತಾನೆ.

ಕರ್ನಾಟಕಕ್ಕೆ ಗೊತ್ತಿರೋ ರಷ್ಯನ್ ಬೇರೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1904ರಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಅನ್ನೋ ಚಿತ್ರಕಾರ, ನಟಿ ದೇವಿಕಾ ರಾಣಿಯವರನ್ನು 1945ರಲ್ಲಿ ಮದುವೆಯಾಗಿ, ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದರು. ಅವರ ಚಿತ್ರಗಳನ್ನು ಇವತ್ತಿಗೂ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದು. ನಮ್ಮ ಹಿಂದಿನ ತಲೆಮಾರಿನವರನ್ನು ಕೇಳಿ, ನವಕರ್ನಾಟಕದ ಮಳಿಗೆಯಲ್ಲಿ ಕಡಿಮೆ ರೊಕ್ಕಕ್ಕೆ ಸಿಗ್ತಿದ್ದ ಸೋವಿಯತ್ ಪುಸ್ತಕಗಳ ಬಗ್ಗೆ ಹೇಳ್ತಾರೆ. ಅವರಿಗೆ ರಷ್ಯಾ ಅಂದ್ರೆ ಗಾರ್ಕಿ, ಚೆಕಾಫ್. ನಮಗೆ ರಷ್ಯಾ ಅಂದ್ರೆ ಗನ್ನು, ವೋಡ್ಕಾ.

ಇಲ್ಲಿ ಒಬ್ಬರು ಕೇಳೇ ಕೇಳ್ತಾರೆ: ‘ಹಂಗಾದ್ರೆ ಯುಕ್ರೇನ್?’ ಸರಿಯಾದ ಪ್ರಶ್ನೆ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದ ಮೇಲೆ ರಷ್ಯಾ ನಡೆಸಿದ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಆ ಸಿಟ್ಟು ನನಗೂ ಐತಿ. ಅದಕ್ಕೇ ಆ ಸಿಟ್ಟಿಗೆ ವಿಳಾಸ ಸರಿಯಾಗಿ ಇರಬೇಕು ಅಂತೀನಿ. ಯುದ್ಧ ಶುರು ಮಾಡಿದ್ದು ಒಂದು ಸರ್ಕಾರ, ಆದೇಶ ಕೊಟ್ಟವರಿಗೆ ಹೆಸರಿದೆ. ಆ ಯುದ್ಧ ಬ್ಯಾಡ ಅಂತ ಮಾಸ್ಕೋದ ಬೀದಿಗಿಳಿದು ಬಂಧನವಾದ ಸಾವಿರಾರು ಮಂದಿನೂ ರಷ್ಯನ್ನರೇ. ‘ಆ ಮಂದಿ ಇರೋದೇ ಹಿಂಗ’ ಅಂದುಬಿಟ್ರೆ, ಮಳೆ ಬಂತು, ಸಿಡಿಲು ಬಿತ್ತು ಅಂದಂಗೆ. ಆಗ ನಿಜವಾಗಿ ತಪ್ಪು ಮಾಡಿದವನು ಗುಂಪಿನೊಳಗ ಕಳೆದುಹೋಗ್ತಾನೆ.

ಬಾಗಲಕೋಟೆಯವನಿಗೆ ಈ ರಷ್ಯಾದ ಉಸಾಬರಿ ಯಾಕೆ? ಯಾಕಂದ್ರ ನಮ್ಮ ಮಾತೂ ಇಂಥದೇ ರೆಡಿಮೇಡ್ ಅಂಗಿ ಆಗೈತಿ.

ಎಷ್ಟು ಕನ್ನಡ ಸಿನಿಮಾದಾಗ ನೋಡಿಲ್ಲ ನಾವು? ಹೀರೋ ಬೆಂಗಳೂರು-ಮೈಸೂರು ಕನ್ನಡ ಮಾತಾಡ್ತಾನೆ. ‘ಲೇ ಮಗನ’ ಅಂತ ಯಾರಾದ್ರೂ ಬಂದ್ರೆ ಅವನು ಕುಡುಕ, ಇಲ್ಲಾಂದ್ರೆ ಪೆದ್ದ, ಇಲ್ಲಾಂದ್ರೆ ಮೀಸೆ ತಿರುವೋ ಗೌಡನ ಕಡೆಯ ಗೂಂಡಾ. ಬರೆಯೋರಿಗೆ ನಮ್ಮ ಭಾಷೆಯಿಂದ ನಾಲ್ಕು ಬೈಗುಳ, ಎರಡು ‘ರೀ’ ಸಿಕ್ಕರೆ ಸಾಕು. ಎಲ್ಲ ಸಿನಿಮಾ ಹಂಗಿಲ್ಲ, ಆದರೆ ಅಭ್ಯಾಸ ಆಗಿಬಿಟ್ಟೈತಿ.

ಬೀದರ್ ಕಡೆಯ ವೈಜನಾಥ ಬಿರಾದಾರ್ ಅವರನ್ನು ನೋಡಿ. ನೂರಾರು ಸಿನಿಮಾದಲ್ಲಿ ಕುಡುಕ, ಭಿಕ್ಷುಕನ ಸಣ್ಣ ಸಣ್ಣ ಪಾತ್ರ. ಬಂದರು, ನಗಿಸಿದರು, ಹೋದರು. ಆಮೇಲೆ ಗಿರೀಶ್ ಕಾಸರವಳ್ಳಿ ಅವರು ಅಮರೇಶ ನುಗಡೋಣಿ ಅವರ ಕಥೆ ತಗೊಂಡು ‘ಕನಸೆಂಬೋ ಕುದುರೆಯನೇರಿ’ ಮಾಡಿದಾಗ, ಹೆಣದ ಗುಂಡಿ ತೋಡುವ ಈರ್ಯಾನ ಪಾತ್ರ ಬಿರಾದಾರ್‌ಗೆ ಕೊಟ್ಟರು. ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ಬಿರಾದಾರ್‌ಗೆ ಸ್ಪೇನ್‌ನ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ. ಮನುಷ್ಯ ಅದೇ, ಮುಖ ಅದೇ. ಬದಲಾಗಿದ್ದು ಬರೆದವರು ಅವನಿಗೆ ಕೊಟ್ಟ ಟೈಮು.

ಇನ್ನೊಂದು ಉದಾಹರಣೆ ನನಗೆ ಭಾಳ ಇಷ್ಟ. 1997ರ ‘ನಾಗಮಂಡಲ’, ಗಿರೀಶ ಕಾರ್ನಾಡರ ನಾಟಕ, ನಾಗಾಭರಣರ ಸಿನಿಮಾ. ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿ ಹೋಗೋ ಗಂಡ ಅಪ್ಪಣ್ಣ ಪ್ರಕಾಶ್ ರೈ. ರಾತ್ರಿ ಅದೇ ಗಂಡನ ರೂಪದಲ್ಲಿ ಬಂದು ಅವಳನ್ನು ಪ್ರೀತಿಸೋ ನಾಗನೂ ಪ್ರಕಾಶ್ ರೈ. ಇಬ್ಬರೂ ಮಾತಾಡೋದು ನಮ್ಮ ಕಡೆ ಕನ್ನಡಾನೇ. ಅಲ್ಲಿ ಉಚ್ಚಾರ ನಿಮಗೆ ಏನೂ ಹೇಳಿಕೊಡೋದಿಲ್ಲ. ಕ್ರೂರಿ ಯಾರು, ಪ್ರೇಮಿ ಯಾರು ಅಂತ ಅವರು ನಡೆದುಕೊಳ್ಳೋ ರೀತಿಯಿಂದ ನಾವೇ ಕಂಡುಕೊಳ್ಳಬೇಕು.

ಹಾಗಾಗಿ ರಷ್ಯನ್ ವಿಲನ್ ಬ್ಯಾಡ, ಬಾಗಲಕೋಟೆ ವಿಲನ್ ಬ್ಯಾಡ ಅಂತ ನಾನು ಹೇಳೋದಿಲ್ಲ. ನಮ್ಮೊಳಗೂ ಕೆಟ್ಟವರು ಇದ್ದಾರೆ, ಇರಲಿ. ಮುಂದಿನ ಸಲ ಸಿನಿಮಾ ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪಾತ್ರದ ಉಚ್ಚಾರ ತೆಗೆದುಹಾಕಿದ್ರೆ ಏನಾದ್ರೂ ಉಳಿಯುತ್ತಾ? ಅವನು ಕೆಟ್ಟವನಾಗೋಕೆ ಅವನದೇ ಕಾರಣ ಇದೆಯಾ? ಅದೇ ಮಾತಾಡುವ ಇನ್ನೊಬ್ಬ, ಬೇರೆ ಥರದ ಮನುಷ್ಯ ಆ ಕಥೆಯಲ್ಲಿ ಇದ್ದಾನಾ?

2019ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಮೂರನೇ ಸೀಸನ್ ನೆನಪಿದೆಯಾ? ಮಾಲ್ ಕೆಳಗೆ ಅಡಗಿರೋ ರಷ್ಯನ್ನರ ಗುಂಪು, ಎಲ್ಲ ಹಳೇ ಅಂಗಿನೇ. ಅವರೊಳಗ ಅಲೆಕ್ಸಿ ಅನ್ನೋ ವಿಜ್ಞಾನಿಗೆ ಮಾತ್ರ ಬರೆದವರು ಒಂದು ಆಸೆ ಕೊಟ್ಟರು: ಅವನಿಗೆ ಚೆರ್ರಿ ರುಚಿಯ ಐಸ್ ಪಾನಕ ಬೇಕು. ಜಾತ್ರೆಯಲ್ಲಿ ಮಕ್ಕಳ ಹಂಗೆ ಖುಷಿಪಡ್ತಾನೆ. ಅವನಿಗೆ ಗುಂಡು ಬಿದ್ದಾಗ ಎಷ್ಟು ಮಂದಿ ಬೇಜಾರಾದ್ರು! ಒಂದು ಆಸೆ ಕೊಟ್ಟಿದ್ದಕ್ಕೇ ಇಷ್ಟು ವ್ಯತ್ಯಾಸ.

ಇದು ಪರದೆಯೊಳಗೇ ಮುಗಿದಿದ್ರೆ ನಾನು ಇಷ್ಟು ಮಾತಾಡ್ತಿರಲಿಲ್ಲ. ಈ ಪಾಡ್‌ಕಾಸ್ಟಿಗೇ ಒಬ್ಬರು ಮೆಸೇಜ್ ಹಾಕಿದ್ದರು: ‘ವಿಷಯ ಚೆನ್ನಾಗಿರುತ್ತೆ, ಆದ್ರೆ ನಿಮ್ಮ ಭಾಷೆ ಕಾಮಿಡಿ, ಸೀರಿಯಸ್ ವಿಷಯಕ್ಕೆ ಸರಿಹೋಗಲ್ಲ.’ ಅವರು ಕೆಟ್ಟವರಲ್ಲ. ಅವರ ಕಿವಿಗೆ ಸಿನಿಮಾ ಅಷ್ಟು ವರ್ಷ ಪಾಠ ಮಾಡಿದೆ. ಆದರೆ ಇದೇ ಕಿವಿ ಇಂಟರ್‌ವ್ಯೂ ರೂಮಿನಲ್ಲೂ ಇರುತ್ತೆ, ಬಾಡಿಗೆ ಮನೆ ತೋರಿಸೋ ಓನರ್‌ಗೂ ಇರುತ್ತೆ. ಅದಕ್ಕೇ ಬೆಂಗಳೂರಿಗೆ ಹೋದ ನಮ್ಮ ಹುಡುಗ್ರು ಫೋನಿನಲ್ಲಿ ಅವ್ವನ ಜೊತಿ ಮಾತಾಡುವಾಗ ದನಿ ಸಣ್ಣ ಮಾಡ್ತಾರೆ. ಆಸ್ಪತ್ರೆ ವಿಷಯ, ಸಾಲದ ವಿಷಯ, ಪ್ರೀತಿ ವಿಷಯ, ಎಲ್ಲ ಸೀರಿಯಸ್ ವಿಷಯನೂ ನಾವು ಹುಟ್ಟಿದಾಗಿನಿಂದ ಇದೇ ಭಾಷೆಯಾಗ ಮಾತಾಡೇವಿ.

ನಿಮ್ಮ ಕಡೆ ಮಾತನ್ನ ಸಿನಿಮಾ ಯಾವ ಅಂಗಿ ಮಾಡೈತಿ? ಮಂಗಳೂರಿನವರು, ಮಂಡ್ಯದವರು, ಕಲಬುರಗಿಯವರು, ಎಲ್ಲರೂ ಒಂದು ವಾಯ್ಸ್ ನೋಟ್ ಕಳಿಸ್ರಿ. ಮನ್ಯಾಗ ಹೆಂಗ ಮಾತಾಡ್ತೀರೋ ಹಂಗ. ಮುಂದಿನ ಎಪಿಸೋಡಿನ್ಯಾಗ ಅವನ್ನೆಲ್ಲ ಕೇಳೋಣು.

ಬರ್ತೀನ್ರೀ.