ಕಾಲೇ ಅಳತೆ
(ಬಾನುಲಿ ಭಾಷಣ)

ಪಾದರಕ್ಷೆಗೆ ನಮ್ಮ ಬಾಳಿನಲ್ಲಿ ಸಂದಿರುವ ಸ್ಥಾನ ವಿಚಿತ್ರವಾದುದು. ಶ್ರೀರಾಮನ ಪಾದುಕೆಗಳು ಹದಿನಾಲ್ಕು ವರ್ಷ ರಾಜ್ಯವನ್ನಾಳಿದವು. ನಮ್ಮ ನಿಮ್ಮ ಜೋಡುಗಳಾದರೋ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಮಾತಿನಲ್ಲಿ ಇದರ ಹೆಸರುಗಳಿಗೇನೂ ಬಡತನವಿಲ್ಲ. ಕೆರ, ಕಾಲ್ಮರಿ, ಜೋಡು, ಚಪ್ಪಲಿ, ಬೂಟು—ಎಷ್ಟೊಂದು ಹೆಸರು! ಆದರೆ ಅದನ್ನು ಆರಿಸಿಕೊಳ್ಳುವಾಗ ನಾವು ತೋರುವ ಎಚ್ಚರ ಮಾತ್ರ ಅಲ್ಪ. ಒಂದು ಧೋತರ ಕೊಳ್ಳಬೇಕಾದರೆ ಅಂಚನ್ನು ಬೆಳಕಿಗೆ ಹಿಡಿಯುತ್ತೇವೆ, ನೂಲನ್ನು ಬೆರಳಿನಿಂದ ತಿಕ್ಕಿ ನೋಡುತ್ತೇವೆ. ಬೂಟು ಕೊಳ್ಳುವಾಗ ಹೊಳಪು ನೋಡಿ, ನಂಬರು ಕೇಳಿ, ಹಣ ಕೊಟ್ಟು ಹೊರಬೀಳುತ್ತೇವೆ.

ಇದರ ಫಲವನ್ನು ಲಗ್ನಸರಾಯಿಯ ದಿನಗಳಲ್ಲಿ ಕಾಣಬೇಕು. ಚಿಕ್ಕಂದಿನಿಂದ ಬರಿಗಾಲಲ್ಲಿ, ಇಲ್ಲವೆ ಚಪ್ಪಲಿಯಲ್ಲಿ ಬೆಳೆದ ಹುಡುಗ ಮದುವೆಗೆಂದು ಸೂಟು ಹೊಲಿಸುತ್ತಾನೆ. ಸೂಟಿಗೆ ದರ್ಜಿ ಹತ್ತು ಕಡೆ ಟೇಪು ಹಿಡಿಯುತ್ತಾನೆ. ಅದರ ಜೊತೆಗೆ ಬೇಕಾದ ಚೂಪು ಮೂತಿಯ ಬೂಟಿಗೆ ಅಳತೆಯೇ ಇಲ್ಲ. ಆರತಕ್ಷತೆಯ ಹೊತ್ತಿಗೆ ವರನ ಮುಖದಲ್ಲಿ ಕಾಣುವ ಗಾಂಭೀರ್ಯಕ್ಕೆ ಗೃಹಸ್ಥಾಶ್ರಮದ ಚಿಂತೆಯೇ ಕಾರಣವೆಂದು ನೆಂಟರು ಭಾವಿಸುತ್ತಾರೆ. ನಿಜವಾದ ಕಾರಣ ಕಿರುಬೆರಳಿನಲ್ಲಿರುತ್ತದೆ. ಕೆಲಸದ ಸಂದರ್ಶನಕ್ಕೆ ಹೊಸ ಬೂಟು ತೊಟ್ಟು ಹೋಗುವ ತರುಣನ ಪಾಡೂ ಇದೇ.

ಹೀಗೇಕಾಗುತ್ತದೆ? ಪಾದ ಬೆಳೆಯುವುದು ಅದಕ್ಕೆ ದೊರೆತ ಬದುಕಿನಂತೆ. ಕಬ್ಬಿನ ಗದ್ದೆಯಲ್ಲಿ ನಡೆದ ರೈತನ ಪಾದ, ಬನಹಟ್ಟಿಯ ಕುಣಿಮಗ್ಗದಲ್ಲಿ ಬರಿಗಾಲಿನಿಂದ ತುಳಿಹಲಗೆ ಒತ್ತಿದ ನೇಕಾರನ ಪಾದ, ಬೆರಳುಗಳು ಬಿಡಿಬಿಡಿಯಾಗಿ, ಮುಂಭಾಗ ಅಗಲವಾಗಿ ಬೆಳೆದಿರುತ್ತದೆ. ಇದು ದೋಷವಲ್ಲ, ಪಾದದ ಸಹಜ ಸ್ವರೂಪ. ಕಾರ್ಖಾನೆಯ ಬೂಟಾದರೋ ಒಂದು ಅಚ್ಚಿನ ಮೇಲೆ ತಯಾರಾಗುತ್ತದೆ. ಆ ಅಚ್ಚೇ ಬೂಟಿನ ಒಳಗಿನ ಆಕಾರ. ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ ಅಚ್ಚುಗಳು ಪರದೇಶದ ಕಾಲಿನ ಅಳತೆಯನ್ನು ಅನುಸರಿಸಿದವು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪು, ಅಮೆರಿಕಗಳವರ ಪಾದಕ್ಕಿಂತ ಅಗಲವಾದುದೆಂದು ಆ ಸಮೀಕ್ಷೆ ತಿಳಿಸಿತು. ಅದರ ಆಧಾರದ ಮೇಲೆ 'ಭ' ಎಂಬ ಹೆಸರಿನ ನಮ್ಮದೇ ಅಳತೆಯ ಕ್ರಮವೊಂದನ್ನು ಸೂಚಿಸಲಾಯಿತು. ನಮ್ಮ ಕಿರುಬೆರಳು ಮೊದಲೇ ಬಲ್ಲ ಸತ್ಯಕ್ಕೆ ಹೀಗೆ ಶಾಸ್ತ್ರದ ಮುದ್ರೆ ಬಿದ್ದಂತಾಯಿತು.

ಇನ್ನು ನಂಬರಿನ ಮಾತು. ಇಂಗ್ಲಿಷ್ ಕ್ರಮದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಅಂತರ ಒಂದು ಇಂಚಿನ ಮೂರನೆಯ ಒಂದು ಭಾಗ. ಅಂದರೆ ಒಂದು ಜವೆಗೋದಿಯ ಕಾಳಿನ ಉದ್ದ. ಯುರೋಪಿನ ಕ್ರಮದಲ್ಲಿ ಅಂತರ ಸೆಂಟಿಮೀಟರಿನ ಮೂರರಲ್ಲಿ ಎರಡು ಭಾಗ. ಎರಡು ಕ್ರಮಗಳ ಮೆಟ್ಟಿಲುಗಳು ಸಮವಲ್ಲದ್ದರಿಂದ ಒಂದರ ನಂಬರು ಇನ್ನೊಂದರಲ್ಲಿ ಕರಾರುವಾಕ್ಕಾಗಿ ಕೂಡದು. ಅದಕ್ಕಿಂತ ಮುಖ್ಯವಾದುದು ಬೇರೆ. ರಬಕವಿಯ ನೇಕಾರನನ್ನು ಕೇಳಿ: ಸೀರೆಗೆ ಉದ್ದವೊಂದೇ ಸಾಕೆ? ಪನ್ನಾ ಬೇಡವೆ? ನಮ್ಮ ಅಂಗಡಿಗಳ ಬೂಟಿನ ಮೇಲಿನ ಅಂಕೆ ಸಾಮಾನ್ಯವಾಗಿ ಉದ್ದವನ್ನಷ್ಟೇ ಹೇಳುತ್ತದೆ. ಪನ್ನಾದ ವಿಷಯದಲ್ಲಿ ಮೌನ. ಅಗಲ ಸಾಲದೆಂದು ನಾವು ಒಂದು ನಂಬರು ಹೆಚ್ಚಿನದನ್ನು ಕೊಳ್ಳುತ್ತೇವೆ. ಆಗ ಬೆರಳುಗಳಿಗೆ ಜಾಗ ಸಿಗುತ್ತದೆ, ಹಿಮ್ಮಡಿ ಜಾರುತ್ತದೆ.

ಮುಧೋಳವು ಮಹಾಕವಿ ರನ್ನನ ಊರು. ಆತನದು ಬಳೆಗಾರರ ಮನೆತನ. ಬಳೆಗಾರ ಹೆಂಗಸರ ಕೈಗೆ ಬಳೆಯೇರಿಸುವ ಬಗೆಯನ್ನು ನೆನೆಯಿರಿ. ಮೊದಲು ಕೈಯನ್ನು ಮೆಲ್ಲನೆ ಅದುಮಿ, ಗೆಣ್ಣುಗಳ ಗಡಸನ್ನು ತಿಳಿದು, ಆಮೇಲೆ ಬಳೆಯನ್ನು ಆರಿಸುತ್ತಾನೆ. ಹೇಳಿದ ನಂಬರಿಗಿಂತ ಕಂಡ ಕೈಯನ್ನೇ ಅವನು ನಂಬುತ್ತಾನೆ. ಬೂಟು ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಹಾಗಾದರೆ ಕಾಲನ್ನು ತಿಳಿಯುವುದು ಹೇಗೆ? ಅಂಗಡಿಗೆ ಸಂಜೆ ಹೋಗಬೇಕು. ದಿನವೆಲ್ಲ ನಿಂತು ನಡೆದ ಕಾಲು ಕೊಂಚ ಊದಿರುತ್ತದೆ. ನಮ್ಮ ಬಿಸಿಲು ನಾಡಿನಲ್ಲಿ ಇನ್ನಷ್ಟು. ಬೆಳಗ್ಗೆ ಹಿತವಾಗಿದ್ದ ಬೂಟು ಸಂಜೆಗೆ ಹಿಡಿಯತೊಡಗುವ ರಹಸ್ಯ ಇದೇ. ಮುಂದೆ ತೊಡಲಿರುವ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಕುಳಿತಲ್ಲ, ನಿಂತು ಅಳೆಯಬೇಕು. ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಎರಡು ಕಾಲೂ ಒಂದೇ ಅಳತೆಯವಲ್ಲ. ದೊಡ್ಡ ಕಾಲಿಗೆ ಒಪ್ಪುವ ಜೋಡನ್ನೇ ಕೊಳ್ಳಬೇಕು. ಮನೆಯಲ್ಲಿಯೇ ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆಯೆಳೆಸಿ, ಗೆರೆಗುಂಟ ಕತ್ತರಿಸಿ, ಆ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿರಿ. ಬೂಟಿನ ಅಟ್ಟೆಯ ಮೇಲೆ ಅದನ್ನಿಟ್ಟಾಗ ಕಾಗದ ಅಂಚಿನಾಚೆ ಚಾಚಿಕೊಂಡರೆ ಅಲ್ಲಿ ಕಾಲು ಹಿಂಡಲ್ಪಡುವುದು ಖಂಡಿತ.

ತೊಟ್ಟ ಮೇಲೆ ಗಮನಿಸಬೇಕಾದವು ನಾಲ್ಕು. ಮೊದಲನೆಯದು ಮಡಿಕೆ. ಹೆಬ್ಬೆರಳಿನ ಬುಡದ ಗಂಟಿನ ಬಳಿ ಪಾದ ಬಾಗುತ್ತದೆ. ಬೂಟಿನ ಅತ್ಯಂತ ಅಗಲವಾದ ಭಾಗ ಅಲ್ಲಿಗೇ ಸರಿಯಾಗಿ ಬರಬೇಕು. ಒಬ್ಬನ ಬೆರಳು ನೀಳ, ಇನ್ನೊಬ್ಬನ ಅಂಗಾಲು ನೀಳ. ಆದುದರಿಂದ ಒಂದೇ ಉದ್ದದ ಪಾದದ ಇಬ್ಬರಿಗೆ ಒಂದೇ ಬೂಟು ಕೂಡಬೇಕೆಂದಿಲ್ಲ. ಎರಡನೆಯದು ಬೆರಳ ಮುಂದಿನ ಎಡೆ. ಅತಿ ನೀಳವಾದ ಬೆರಳಿನ ಮುಂದೆ ಸುಮಾರು ಅರ್ಧ ಇಂಚು ಜಾಗವಿರಲಿ. ಕೆಲವರಿಗೆ ನೀಳವಾದುದು ಹೆಬ್ಬೆರಳಲ್ಲ, ಅದರ ಪಕ್ಕದ ಬೆರಳು. ಮೂರನೆಯದು ಹಿಮ್ಮಡಿ. ನಡೆವಾಗ ಅದು ಹಿಡಿತದಲ್ಲಿರಬೇಕು. ಹೊಸತರಲ್ಲಿ ತುಸು ಮೇಲೆದ್ದರೆ ಚಿಂತೆಯಿಲ್ಲ, ಹೆಜ್ಜೆಹೆಜ್ಜೆಗೂ ಕಳಚಿಬರುವಂತಿದ್ದರೆ ಬೇಡ. ನಾಲ್ಕನೆಯದು ಪಾದದ ಮೇಲಿನ ಉಬ್ಬು. ಲೇಸಿನ ಎರಡು ಪಟ್ಟಿಗಳು ಬುಡದಲ್ಲಿ ಹೊಲಿದು ಮುಚ್ಚಿರುವ ಆಕ್ಸ್‌ಫರ್ಡ್ ಬೂಟು ಉಬ್ಬು ಪಾದಕ್ಕೆ ಒಗ್ಗದು; ಪಟ್ಟಿಗಳು ಬಿಡಿಯಾಗಿ ತೆರೆದುಕೊಳ್ಳುವ ಡರ್ಬಿ ಬೂಟು ಅಂಥ ಕಾಲಿಗೆ ಲೇಸು. ಗುಡಿ ಮನೆಗಳ ಬಾಗಿಲಲ್ಲಿ ಮತ್ತೆಮತ್ತೆ ಬಿಚ್ಚಿಡುವ ನಮಗೆ ಈ ತೆರೆದ ಕಟ್ಟು ಅನುಕೂಲವೂ ಹೌದು.

ಇಷ್ಟರಲ್ಲಿ ಅಂಗಡಿಯವರ ಮಾತು ಕೇಳಿಬರುತ್ತದೆ: "ಹಾಕ್ಕೋತ ಹೋದ್ರ ತಾನ ಸಡ್ಲ ಆಗತೈತ್ರಿ." ಈ ಮಾತಿನಲ್ಲಿ ಅರ್ಧ ನಿಜವಿದೆ. ಒಳ್ಳೆಯ ಚರ್ಮ ಅಗಲದಲ್ಲಿ ಕೊಂಚ ಹಿಗ್ಗಿ ಕಾಲಿನ ರೂಪವನ್ನು ತಾಳುತ್ತದೆ. ಉದ್ದದಲ್ಲಿ ಮಾತ್ರ ಹಿಗ್ಗದು. ಬೆರಳು ಮೂತಿಗೆ ತಾಗುವ ಬೂಟು ವರ್ಷ ಕಳೆದರೂ ತಾಗುತ್ತಲೇ ಇರುತ್ತದೆ. ಚರ್ಮದ ವೇಷ ತೊಟ್ಟ ಪ್ಲಾಸ್ಟಿಕ್ಕಾದರೆ ಅಗಲದಲ್ಲೂ ಮಣಿಯುವುದು ಅಪರೂಪ, ಬೆವರನ್ನೂ ಹೀರದು.

ಕಾಲಿನ ರೂಪ ತಾಳುವ ಈ ಗುಣವನ್ನು ನಮ್ಮ ನೆಲ ಬಹುಕಾಲದಿಂದ ಬಲ್ಲದು. ಜಮಖಂಡಿಯ ನೆರೆಯ ಅಥಣಿಯ ಹೆಸರು ಕೇಳದವರಾರು? ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ತೊಗಲಿನಿಂದ, ಮೊಳೆಯ ಹಂಗಿಲ್ಲದೆ ಹೊಲಿದ ಕೊಲ್ಹಾಪುರಿ ಚಪ್ಪಲಿ ಮೊದಮೊದಲು ಬಿರುಸು. ದಿನಗಳೆದಂತೆ ಅಟ್ಟೆಯ ಮೇಲೆ ತೊಟ್ಟವನ ಪಾದದ ಗುರುತು ಮೂಡುತ್ತದೆ. ಆಮೇಲೆ ಅದು ಇನ್ನೊಬ್ಬನ ಕಾಲಿಗೆ ಹೊಂದದು. 2018-19ರ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಉಡುಪು ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಗಳನ್ನು ಮೂಲವನ್ನು ಹೆಸರಿಸದೆ ಮೆರೆಸಿತು. ಆಕ್ಷೇಪವೆದ್ದ ಬಳಿಕ ಭಾರತೀಯ ಕುಶಲಕರ್ಮಿಗಳ ಪರಂಪರೆಯೇ ಪ್ರೇರಣೆಯೆಂದು ಒಪ್ಪಿಕೊಂಡಿತು. ರೂಪವನ್ನು ನೋಡಿ ನಕಲಿಸಬಹುದು. ಕಾಲನ್ನು ನೋಡಿ ಹೊಲಿಯುವ ಕೈ ಬೇರೆ.

ಸಕ್ಕರೆ ಕಾಯಿಲೆಯುಳ್ಳವರಿಗೆ ಇದು ಅಂದಚಂದದ ಪ್ರಶ್ನೆಯಲ್ಲ. ಆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಬಹುದು. ಬೂಟು ಕಚ್ಚಿದುದು ತಿಳಿಯುವುದಿಲ್ಲ. ಗುಳ್ಳೆ ಗಾಯವಾಗಿ, ಗಾಯ ವ್ರಣವಾಗಿ, ಕೊನೆಗೆ ಕಾಲಿಗೇ ಕುತ್ತು ಬಂದೀತು. ಅಂಥವರು ಹೊಸ ಬೂಟನ್ನು ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು ತೊಟ್ಟು, ಬಿಚ್ಚಿದ ಮೇಲೆ ಪಾದವನ್ನು ಕಣ್ಣಾರೆ ಪರೀಕ್ಷಿಸಬೇಕು. ನೋವು ಹೇಳದುದನ್ನು ಕಣ್ಣು ಹೇಳಬೇಕಾಗುತ್ತದೆ.

ಕಡೆಯದಾಗಿ ಒಂದು ಮಾತು. ಕಾಲಿನ ಅಳತೆ ತೆಗೆಯುವವನು ಬಾಗಿ ಕಾಲನ್ನು ಮುಟ್ಟಬೇಕು. ಹಾಗೆ ಮುಟ್ಟಿದವನನ್ನೇ ನಮ್ಮ ಸಮಾಜ ಶತಮಾನಗಳ ಕಾಲ ಮುಟ್ಟದೆ ದೂರವಿಟ್ಟಿತು. ಊರಿಗೆಲ್ಲ ಜೋಡು ಹೊಲಿದವನು ಮೇಲಿನವರ ಓಣಿಯಲ್ಲಿ ತಾನೇ ಜೋಡು ಮೆಟ್ಟಿ ನಡೆಯುವಂತಿರಲಿಲ್ಲ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದಾಗ ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರೆಂದು ಶರಣರ ಕಥೆ ಹೇಳುತ್ತದೆ. ಅದೇ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡಾಗ ಕಲ್ಯಾಣ ಅದನ್ನು ಸಹಿಸಲಿಲ್ಲ. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇದೆ. ಅಷ್ಟು ಹತ್ತಿರದ ಪಾಠವನ್ನು ನಾವು ಮರೆಯಬಾರದು.

ಆದುದರಿಂದ ನಿಮ್ಮೂರಿನಲ್ಲಿ ಕಾಗದದ ಮೇಲೆ ಕಾಲಿರಿಸಿಕೊಂಡು, ಪಟ್ಟಿ ಸುತ್ತಿ ಅಳತೆ ಹಿಡಿದು ಹೊಲಿದುಕೊಡುವವರು ಇದ್ದರೆ ಒಮ್ಮೆ ಅವರಲ್ಲಿಗೆ ಹೋಗಿರಿ. ಅವರೆದುರು ಕುರ್ಚಿಯಲ್ಲಿ ಕುಳಿತು ಬೆಲೆ ಜಗ್ಗುವ ಮುನ್ನ, ಅವರು ನಿಮ್ಮ ಪಾದವನ್ನು ಹೇಗೆ ನೋಡುತ್ತಾರೆಂಬುದನ್ನು ನೋಡಿರಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಅದೇ ಕಣ್ಣಿನಿಂದ ನಿಮ್ಮ ಕಾಲನ್ನು ನೀವೇ ನೋಡಿಕೊಂಡು ಕೊಳ್ಳಿರಿ. ನಂಬರು ಸುಳ್ಳಾಡಬಹುದು, ಹೊಳಪು ಮರುಳು ಮಾಡಬಹುದು. ಕಾಲು ಮಾತ್ರ ನಿಜವನ್ನೇ ಹೇಳುತ್ತದೆ.