ಕರೆಯುವವಳೇ ಹಸುವಿನ ಒಡತಿ

(ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಪಕ್ಷದ ಶಾಖೆ ಕರೆದಿದ್ದ ಬಹಿರಂಗ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿಯ ದರ, ಬೋನಸ್ಸು, ಅಕ್ಕಿಯ ಬೆಲೆ ಇವುಗಳ ಬಗ್ಗೆ ಈ ವೇದಿಕೆಯಿಂದ ನಾವು ಎಷ್ಟೋ ಸಲ ಮಾತನಾಡಿದ್ದೇವೆ. ಇಂದು ಎತ್ತಿಕೊಳ್ಳುವ ಪ್ರಶ್ನೆ ಬೇರೆ. ಗಂಡನ ಕೈಯಲ್ಲಿ ಪೆಟ್ಟು ತಿನ್ನುವ ಹೆಣ್ಣು ಆ ಮನೆಯನ್ನು ಬಿಟ್ಟು ಹೊರಡುವಾಗ ಅವಳ ಹಸು ಎಲ್ಲಿಗೆ ಹೋಗಬೇಕು? ಅವಳ ಆಡು, ಕೋಳಿ, ಬಾಗಿಲು ಕಾಯುವ ನಾಯಿ ಎಲ್ಲಿಗೆ ಹೋಗಬೇಕು? ನಗುವವರು ಒಮ್ಮೆ ನಕ್ಕುಬಿಡಲಿ. ಆಮೇಲೆ ಸ್ವಲ್ಪ ಲೆಕ್ಕ ಹಾಕೋಣ.

ಮೊದಲು ಪೆಟ್ಟಿನ ಲೆಕ್ಕ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಇಡೀ ದೇಶದ ಲೆಕ್ಕ ನೂರಕ್ಕೆ 29. ಹಿಂಸೆಗೊಳಗಾದ ಹೆಂಗಸರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಂದಿ ಮಾತ್ರ. ಉಳಿದವರು ಏಕೆ ಬಾಯಿ ಬಿಡಲಿಲ್ಲ? "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಗಾದೆ ಹೇಳಿ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಉಣ್ಣಲು ಆಗದಂತೆ ದವಡೆಗೆ ಗುದ್ದಿಸಿಕೊಂಡವಳಿಗೆ ಆ ಗಾದೆಯಿಂದ ಏನು ಪ್ರಯೋಜನ?

ಹೆದರಿಕೆ ಒಂದು ಕಾರಣ, ಮಾನ ಮರ್ಯಾದೆಯ ಅಂಜಿಕೆ ಇನ್ನೊಂದು. ಮೂರನೆಯದನ್ನು ಯಾರೂ ಬರೆದಿಡುವುದಿಲ್ಲ. ಹೊರಟರೆ ಬಿಟ್ಟು ಹೋಗಬೇಕಾದದ್ದು ಬಹಳವಿದೆ. ನಮ್ಮ ಹಳ್ಳಿಯ ಹೆಣ್ಣಿಗೆ ಬ್ಯಾಂಕಿನಲ್ಲಿ ದೊಡ್ಡ ಗಂಟಿಲ್ಲ, ಜಾಗದ ಪಹಣಿಯಲ್ಲಿ ಹೆಸರಿಲ್ಲ. ಇರುವುದು ಹಟ್ಟಿಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಸೆಗಣಿ ಬಾಚಿ, ಮೈತೊಳೆದು, ಹಿಂಡಿ ಕಲಸಿಟ್ಟು, ಕರೆದ ಹಾಲನ್ನು ಡೈರಿಗೆ ಹೊತ್ತು ಹಾಕಿ ಬರುವವಳು ಅವಳು. ಆ ಹಸು ಎರಡು ಹೊತ್ತೂ ಕರೆಯಬೇಕಾದ ಜೀವ. ಕರೆಯದೆ ಬಿಟ್ಟರೆ ಕೆಚ್ಚಲು ಬಿಗಿದು ಬಾವು ಬರುತ್ತದೆ. ಆಮೇಲೆ ಹಾಲೂ ಇಲ್ಲ, ಹಸುವಿಗೂ ನರಕ. ಹಾಗಿರುವಾಗ ಅವಳು ಎರಡು ದಿನದ ಮಟ್ಟಿಗಾದರೂ ತವರಿಗೆ ಹೋಗುವುದು ಹೇಗೆ? ಹೋದರೆ ಗಂಡ ಆ ಹಸುವನ್ನು ಮಾರಿಬಿಡಬಹುದು, ಸಿಟ್ಟಿಗೆ ಕಾಲು ಮುರಿಯಬಹುದು. ಅವಳನ್ನು ಹೆದರಿಸಲು ಅವನಿಗೆ ಸಿಕ್ಕುವ ಅತಿ ಹತ್ತಿರದ ಆಯುಧ ಆ ಮೂಕಪ್ರಾಣಿಯೇ.

ಇದು ನಮ್ಮ ಊರಿನ ಮಾತು ಮಾತ್ರವೆಂದು ತಿಳಿಯಬೇಡಿ. ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ರಾಂಕ್ ಅಸಿಯೋನ್ ಎಂಬ ವಿದ್ವಾಂಸರು ಆಶ್ರಯಧಾಮ ಸೇರಿದ್ದ 38 ಹೆಂಗಸರನ್ನು ವಿಚಾರಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಪ್ರಾಣಿ ಸಾಕಿದ್ದವರಲ್ಲಿ ನೂರಕ್ಕೆ 71 ಮಂದಿ, ಗಂಡ ಆ ಪ್ರಾಣಿಯನ್ನು ಹಿಂಸಿಸಿದ್ದ ಅಥವಾ ಹಿಂಸಿಸುವುದಾಗಿ ಬೆದರಿಸಿದ್ದ ಎಂದರು. ಅಲ್ಲಿ ನಾಯಿ ಬೆಕ್ಕುಗಳ ಮಾತು, ಇಲ್ಲಿ ಹೆಚ್ಚಾಗಿ ಹಸು ಎಮ್ಮೆಗಳ ಮಾತು. ಹೆಣ್ಣನ್ನು ಕಟ್ಟಿಹಾಕುವ ಹಗ್ಗ ಮಾತ್ರ ಎರಡು ಕಡೆಯೂ ಒಂದೇ.

ಆ ದೇಶದವರು ಇದಕ್ಕೆ ಹಣ ತೆಗೆದಿಟ್ಟರು. 2013ರಲ್ಲಿ ನ್ಯೂಯಾರ್ಕಿನ ಒಂದು ಸಂಸ್ಥೆ ಹೆಣ್ಣಿನ ಜೊತೆಗೆ ಅವಳ ಸಾಕುಪ್ರಾಣಿಯನ್ನೂ ಆಶ್ರಯಧಾಮದೊಳಕ್ಕೆ ಸೇರಿಸಿಕೊಳ್ಳತೊಡಗಿತು. 2018ರ ಡಿಸೆಂಬರಿನಲ್ಲಿ ಅಲ್ಲಿಯ ಪಾರ್ಲಿಮೆಂಟು ಕೃಷಿ ಮಸೂದೆಯೊಳಗೇ ಒಂದು ಭಾಗ ಸೇರಿಸಿ, ಸಾಕುಪ್ರಾಣಿಗೂ ಜಾಗ ಕೊಡುವ ಆಶ್ರಯ ಮತ್ತು ವಸತಿಗಾಗಿ ವರ್ಷಕ್ಕೆ 30 ಲಕ್ಷ ಡಾಲರಿನವರೆಗೆ ಕೊಡಲು ಒಪ್ಪಿಗೆ ನೀಡಿತು. ನಮ್ಮ ಹಣದಲ್ಲಿ 25 ಕೋಟಿ ರೂಪಾಯಿಗೆ ಮೀರಿದ ಮೊತ್ತ. ಧನಿಕರ ದೇಶದಲ್ಲೂ ಈ ಮಾತು ತಾನಾಗಿ ಬರಲಿಲ್ಲ. ಕೇಳುವವರು ಕೇಳಿದ ಮೇಲೆ ಬಂತು.

ಇನ್ನು ನಮ್ಮ ಕಡೆ ಏನಿದೆ ನೋಡೋಣ. 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂತು. 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ 17ನೆಯ ಕಲಮಿನಂತೆ ಪಾಲು ಇರಲಿ ಇಲ್ಲದಿರಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಣ್ಣಿಗುಂಟು. ಆ ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆಗೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮ್ಯಾಜಿಸ್ಟ್ರೇಟರು ಹೊಡೆಯುವವನನ್ನೇ ಹೊರಗೆ ಕಳಿಸಬಹುದು, ಬೇರೆ ಮನೆಗೆ ಬಾಡಿಗೆ ಕೊಡಿಸಬಹುದು. ಅವಳ ಸ್ತ್ರೀಧನವನ್ನೂ ಇತರ ಸ್ವತ್ತನ್ನೂ ಮಾರದಂತೆ ತಡೆಯಬಹುದು, ಅವಳ ಕೈಗೆ ಮರಳಿಸಬಹುದು. ಹಸು ಸ್ವತ್ತು ತಾನೆ? ಹಾಗಾದರೆ ಈ ಕಾಯ್ದೆಯ ನೆರಳು ಹಟ್ಟಿಯವರೆಗೂ ಚಾಚುತ್ತದೆ.

ಆಶ್ರಯವೂ ಇದೆ. ಉಡುಪಿಯ ನಿಟ್ಟೂರಿನಲ್ಲಿ ಸರಕಾರದ ರಾಜ್ಯ ಮಹಿಳಾ ನಿಲಯವಿದೆ. 'ಸಖಿ' ಕೇಂದ್ರಗಳಲ್ಲಿ ಐದು ದಿನಗಳವರೆಗೆ ಇರಗೊಡುತ್ತಾರೆ. 181ಕ್ಕೆ ಫೋನು ಮಾಡಬಹುದು. ಕೇಂದ್ರ ಸರಕಾರದ 'ಶಕ್ತಿ ಸದನ' ಯೋಜನೆಯಿದೆ. ಇವನ್ನು ನಡೆಸುವವರ ಸೇವೆಯನ್ನು ನಾವು ಹಳಿಯುವುದಿಲ್ಲ. ಆದರೆ ಇಂತಹ ಯೋಜನೆಗಳಲ್ಲಿ ಹೆಂಗಸಿನ ಊಟಕ್ಕೆ, ಬಟ್ಟೆಗೆ, ಔಷಧಿಗೆ ಹಣದ ಬಾಬು ಉಂಟು. ಅವಳ ದನಕ್ಕೆ ಒಂದು ಹಿಡಿ ಬೈಹುಲ್ಲಿನ ಬಾಬು ಇಲ್ಲ. ಎಲ್ಲೂರಿನಿಂದ ನಿಟ್ಟೂರಿಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ ಎಂಬುದು ಸಂತೋಷವೇ. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಯಾವ ಬಸ್ಸೇ ಸಿಕ್ಕಲಿ, ಹಸುವನ್ನು ಹತ್ತಿಸಿಕೊಳ್ಳುವ ಕಂಡಕ್ಟರು ಇನ್ನೂ ಹುಟ್ಟಿಲ್ಲ.

ಅತ್ತ ದನಗಳಿಗೆ ಗೋಶಾಲೆಗಳಿವೆ. ನೀಲಾವರದಲ್ಲಿ ಪೇಜಾವರ ಮಠದ ಗೋಶಾಲೆ ಇರುವುದು ಎಲ್ಲರಿಗೂ ಗೊತ್ತು. ಗೋವಿನ ಹೆಸರಿನಲ್ಲಿ 2020ರ ವರ್ಷದ ಕಾಯ್ದೆಯೂ ಬಂದಿದೆ. ಹೀಗೆ ಹೆಣ್ಣಿಗೊಂದು ಬಾಗಿಲು, ದನಕ್ಕೊಂದು ಬಾಗಿಲು. ಇಬ್ಬರೂ ಕೂಡಿ ಹೋಗಬಹುದಾದ ಬಾಗಿಲು ಒಂದೂ ಇಲ್ಲ. ಗೋವನ್ನು ತಾಯಿ ಎನ್ನುವವರೂ, ಹೆಣ್ಣನ್ನು ತಾಯಿ ಎನ್ನುವವರೂ, ಇಬ್ಬರು ತಾಯಂದಿರನ್ನು ಒಂದೇ ಚಾವಡಿಗೆ ಕರೆಯುವುದನ್ನು ಮರೆತಿದ್ದಾರೆ.

ಬಂಧುಗಳೆ, ನಮ್ಮ ತುಳುನಾಡಿಗೆ ಈ ಪ್ರಶ್ನೆ ಹೊಸದಾಗಿರಬಾರದು. ಗಂಡನ ನಡತೆಯನ್ನು ಸಹಿಸದೆ ಸಂಬಂಧ ಹರಿದುಕೊಂಡು, ಕೈಗೂಸಿನೊಡನೆ, ಆಳು ದಾರುವನ್ನು ಕರೆದುಕೊಂಡು ಹೊರಟ ಸಿರಿಯ ಕಥೆಯನ್ನು ನಮ್ಮ ಹೆಂಗಸರು ಪಾಡ್ದನದಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಿರಿಯಡಕದಲ್ಲಿ, ಕವತ್ತಾರಿನಲ್ಲಿ ಇಂದಿಗೂ ಸಿರಿ ಜಾತ್ರೆ ನಡೆಯುತ್ತದೆ. ಹೊರಟು ಬಂದ ಹೆಣ್ಣನ್ನು ಈ ನಾಡು ದೈವವಾಗಿ ಕೈಮುಗಿಯಿತು. ಅಳಿಯಸಂತಾನ ನಡೆದುಕೊಂಡ ಮನೆತನಗಳಲ್ಲಿ ಹೆಣ್ಣು ಕುಟುಂಬದ ಮನೆಯವಳೇ. ಗಂಡನೊಡನೆ ಸರಿಬಾರದಿದ್ದರೆ ಅವಳ ಮನೆ, ಅವಳ ಹಟ್ಟಿ, ಅವಳ ಮಕ್ಕಳ ಪಾಲು ಇದ್ದಲ್ಲೇ ಇರುತ್ತಿತ್ತು. ಆ ಕಾಲ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಯಜಮಾನಿಕೆ ಬಹುಮಟ್ಟಿಗೆ ಮಾವಂದಿರ ಕೈಯಲ್ಲಿತ್ತು, ಜಾಗವಿಲ್ಲದ ಜಾತಿಗಳ ಹೆಣ್ಣಿಗೆ ಕುಟುಂಬದ ಮನೆಯೆಂಬುದೂ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು. ಮನೆಗಳು ಒಡೆದು ಸಣ್ಣವಾದವು. ಹಳೆಯ ಚಾವಡಿ ಮರಳಿ ಬರಲಾರದು. ಅದು ಕೊಡುತ್ತಿದ್ದ ಆಸರೆಯನ್ನು ಸಮಾಜವೇ ಕಟ್ಟಿಕೊಡಬೇಕು. ಸಮಾಜವಾದವೆಂದರೆ ನಮ್ಮ ಪಾಲಿಗೆ ಇದೇ.

"ದೇಶದಲ್ಲಿ ಇಷ್ಟೊಂದು ದೊಡ್ಡ ಸಮಸ್ಯೆಗಳಿರುವಾಗ ಹಟ್ಟಿಯ ಮಾತೇಕೆ?" ಎಂದು ಕೇಳುವವರಿದ್ದಾರೆ. ಡಾಕ್ಟರ್ ಲೋಹಿಯಾ ಅವರು ಹಳ್ಳಿಯ ಹೆಂಗಸರಿಗೆ ಪಾಯಿಖಾನೆ ಬೇಕು, ಹೊಗೆಯಿಲ್ಲದ ಒಲೆ ಬೇಕು ಎಂದಾಗಲೂ ಕೆಲವರು ಹೀಗೆಯೇ ನಕ್ಕರು. ಹೆಣ್ಣಿನ ದಿನ ಕಳೆಯುವುದು ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ಹಟ್ಟಿಯಲ್ಲಿ. ರಾಜಕೀಯ ಅಲ್ಲಿಗೆ ಹೋಗದಿದ್ದರೆ ಅದು ಅರ್ಧ ಜನರ ರಾಜಕೀಯ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರ ಭೂಸುಧಾರಣೆಯಲ್ಲಿ ಕಾನೂನಾಯಿತು. ಅದೇ ನ್ಯಾಯವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ: ಕರೆಯುವವಳೇ ಹಸುವಿನ ಒಡತಿ.

ಇದನ್ನು ಕಾಗದದ ಮೇಲೆ ತರುವುದು ಕಷ್ಟವಲ್ಲ. ಈಗ ದನದ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹಾಕುತ್ತಾರೆ. ಆ ಅಂಕಿಯ ಜೊತೆಗೆ ಒಡೆಯರ ಹೆಸರು ದಾಖಲಾಗುತ್ತದೆ. ಆ ಹೆಸರು ಯಾರದಿದೆ ಎಂದು ಇಂದು ರಾತ್ರಿಯೇ ನಿಮ್ಮ ನಿಮ್ಮ ಮನೆಯಲ್ಲಿ ವಿಚಾರಿಸಿರಿ. ಹಾಲಿನ ಸಂಘದ ಸದಸ್ಯತನ ಯಾರದು, ಹಾಲಿನ ಹಣ, ಲೀಟರಿಗೆ ಸರಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಯಾರ ಖಾತೆಗೆ ಬೀಳುತ್ತದೆ, ಅದನ್ನೂ ವಿಚಾರಿಸಿರಿ. ಸೆಗಣಿ ಅವಳ ಪಾಲು, ಪಾಸ್‌ಬುಕ್ಕು ಅವನ ಪಾಲು ಎಂಬುದು ನ್ಯಾಯವೆ?

ಈಗ ಹಣದ ಲೆಕ್ಕಕ್ಕೆ ಬರೋಣ. ವ್ಯಾಪಾರಿ ಬಂಧುಗಳು ಇದನ್ನು ನಮಗಿಂತ ಚೆನ್ನಾಗಿ ಹಾಕಬಲ್ಲರು. ಒಂದು ಹಸುವಿನ ಹುಲ್ಲು ಹಿಂಡಿಗೆ ದಿನಕ್ಕೆ 200 ರೂಪಾಯಿ ಎಂದು ಹಿಡಿಯಿರಿ. ನಾಲ್ಕು ಹಸುಗಳಿಗೆ ತಿಂಗಳಿಗೆ 24,000, ವರ್ಷಕ್ಕೆ 2,88,000 ರೂಪಾಯಿ. ಅವುಗಳಲ್ಲಿ ಕರೆಯುವ ಹಸು ತನ್ನ ಹುಲ್ಲಿನ ಖರ್ಚನ್ನು ತಾನೇ ತೀರಿಸಿ, ಒಡತಿಯ ಕೈಗೂ ನಾಲ್ಕು ಕಾಸು ಕೊಡುತ್ತದೆ. ನಿಜವಾಗಿ ನೆರವು ಬೇಕಾದದ್ದು ಬತ್ತಿದ ಹಸುವಿಗೆ, ಗಬ್ಬದ ಹಸುವಿಗೆ, ಕರುವಿಗೆ, ನಾಯಿಗೆ. ಇಡೀ ತಾಲ್ಲೂಕಿಗೆ ಇದು ಹೊರಲಾರದ ಹೊರೆಯೆ?

ಹಣ ಎಲ್ಲಿಂದ ಎಂದರೆ, ದೂರ ಹೋಗಬೇಕಾಗಿಲ್ಲ. ಎಲ್ಲೂರಿನ ನೆಲದ ಮೇಲೆ 1200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ನಿಂತಿದೆ. 2013ರ ಕಂಪೆನಿ ಕಾಯ್ದೆಯ 135ನೆಯ ಕಲಮಿನಂತೆ ಇಷ್ಟು ಲಾಭ, ಇಷ್ಟು ವಹಿವಾಟು ಎಂಬ ಮಿತಿ ದಾಟಿದ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚಮಾಡಬೇಕು. ಯಾವ ಕೆಲಸ ಎಂಬುದಕ್ಕೆ ಅದೇ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪಟ್ಟಿಯಿದೆ. ಅದರಲ್ಲಿ ಹೆಂಗಸರಿಗೆ ವಸತಿ ಕಟ್ಟುವುದೂ ಇದೆ, ಪ್ರಾಣಿಗಳ ಕ್ಷೇಮವೂ ಇದೆ. ಎರಡು ಸಾಲುಗಳನ್ನು ಕೂಡಿಸಿ ಓದುವವರು ಬೇಕಾಗಿದ್ದಾರೆ, ಅಷ್ಟೆ. ಹಾಗೆಂದು ಕಂಪೆನಿಯ ದಾನವನ್ನೇ ನಂಬಿ ಕೂರುವುದು ನಮ್ಮ ನೀತಿಯಲ್ಲ. ದಾನ ಇಂದು ಬರುತ್ತದೆ, ನಾಳೆ ನಿಲ್ಲುತ್ತದೆ. ಪಂಚಾಯಿತಿಯ ಆಯವ್ಯಯದಲ್ಲಿ ಮತ್ತು ರಾಜ್ಯದ ಮಹಿಳಾ ಮಕ್ಕಳ ಇಲಾಖೆಯ ಆಯವ್ಯಯದಲ್ಲಿ ಇದಕ್ಕೊಂದು ಖಾಯಂ ಬಾಬು ಬೇಕು.

ನಿಲಯದ ಅಂಗಳದಲ್ಲೇ ಹಟ್ಟಿ ಕಟ್ಟಿದರೆ ಒಂದು ಅಪಾಯವುಂಟು. ಹಸುವಿನ ಜಾಡು ಹಿಡಿದು ಗಂಡ ಬಂದುಬಿಟ್ಟಾನು. ಆದ್ದರಿಂದ ಹೆಣ್ಣಿದ್ದಲ್ಲೇ ಹಸು ಇರಬೇಕೆಂಬ ಹಟ ಬೇಡ. ಹಳ್ಳಿಗಳಲ್ಲಿ ಮಹಿಳೆಯರದೇ ಹಾಲು ಉತ್ಪಾದಕರ ಸಹಕಾರಿ ಸಂಘಗಳಿವೆ. ಸಂಘಕ್ಕೆ ಎರಡು ಮನೆಯಂತೆ, ಹಟ್ಟಿಯಲ್ಲಿ ಜಾಗ ಖಾಲಿಯಿರುವ ಮನೆಗಳ ಪಟ್ಟಿ ಇರಲಿ. ಆಸರೆಗೆ ಬಂದವಳ ಹಸು ಬೇರೆ ಊರಿನ ಅಂತಹ ಹಟ್ಟಿಯಲ್ಲಿ ಇರಲಿ. ಕಿವಿಬಿಲ್ಲೆಯ ಅಂಕಿ ಬರೆದ ರಸೀದಿ ಅವಳ ಕೈಯಲ್ಲಿರಲಿ. ಹುಲ್ಲಿನ ಖರ್ಚು ಕಳೆದು ಹಾಲಿನ ಹಣ ಅವಳ ಖಾತೆಗೆ ಬೀಳಲಿ. ಬಾಡಿಗೆ ಮನೆ ಹಿಡಿದು ನಿಲ್ಲುವ ದಿನ ಅವಳು ಹಗ್ಗ ಹಿಡಿದು ಹಸುವನ್ನು ಕರೆದೊಯ್ಯಲಿ. ನಾಯಿ, ಬೆಕ್ಕು, ಕೋಳಿಗಳಿಗೆ ಮಾತ್ರ ನಿಲಯದಲ್ಲೇ ಒಂದು ಮೂಲೆ ಸಾಕು. ಎಲ್ಲವನ್ನೂ ಕಳೆದುಕೊಂಡು ಬಂದ ಮಗುವಿಗೆ ಅದರ ನಾಯಿಯಾದರೂ ಪಕ್ಕದಲ್ಲಿರಲಿ.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ.

ಒಂದು: ದನದ ದಾಖಲೆಯಲ್ಲಿ ಸಾಕುವ ಹೆಣ್ಣಿನ ಹೆಸರು ಬರಬೇಕು. ಇದಕ್ಕೆ ಸರಕಾರವನ್ನು ಕಾಯುವ ಅಗತ್ಯವಿಲ್ಲ. ಗಿರಣಿ ಸಂಗಾತಿಗಳು ತಮ್ಮ ಮನೆಯಿಂದಲೇ ಆರಂಭಿಸಬೇಕು.

ಎರಡು: ಕೌಟುಂಬಿಕ ಹಿಂಸೆಯ ದೂರು ಬರೆದುಕೊಳ್ಳುವ ಸಂರಕ್ಷಣಾಧಿಕಾರಿಗಳು ಅವಳ ಜಾನುವಾರುಗಳ ಪಟ್ಟಿಯನ್ನೂ ವರದಿಯಲ್ಲಿ ಸೇರಿಸಬೇಕು. ಮಾರಾಟಕ್ಕೆ ತಡೆ ಕೇಳಲು ಅದೇ ಆಧಾರ.

ಮೂರು: ಪ್ರಾಣಿಯನ್ನು ಕೊಂದವನ, ಊನ ಮಾಡಿದವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಲ್ಲಿ ಮೊಕದ್ದಮೆ ಹೂಡಬೇಕು. ಅದರಲ್ಲಿ ಐದು ವರ್ಷದವರೆಗೆ ಸಜೆಯುಂಟು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ ಹಾಕಿ ಕಳಿಸಿದರೆ, ಅವನು ಆ ದಂಡ ಕಟ್ಟಿ ಬಂದು ಹೆಂಡತಿಗೆ ಹೊಡೆಯುತ್ತಾನೆ.

ನಾಲ್ಕು: ಆಸರೆ ಹಟ್ಟಿಗಳಿಗೂ, ಹೊರಬಂದ ಹೆಣ್ಣಿನ ಮೊದಲ ಆರು ತಿಂಗಳ ಮನೆಬಾಡಿಗೆಗೂ ತಾಲ್ಲೂಕು ಮಟ್ಟದಲ್ಲಿ ನಿಧಿ ಬೇಕು. ಅದರ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು. ಆಸರೆ ಪಡೆದವರ ಹೆಸರು ಮಾತ್ರ ಹೊರಬರಕೂಡದು.

ವ್ಯಾಪಾರಿ ಬಂಧುಗಳೆ, ಹಿಂಡಿ ಅಂಗಡಿಯ ಕಡದ ಪುಸ್ತಕದಲ್ಲಿ ಊರಿನ ಅರ್ಧ ಗುಟ್ಟು ಇರುತ್ತದೆ. ಆಸರೆ ಹಟ್ಟಿಗೆ ಒಂದು ತಿಂಗಳ ಹಿಂಡಿ ಕಡ ಕೊಡಿ, ಹಸು ಯಾರದೆಂದು ಬಾಯಿಬಿಡಬೇಡಿ. ಗಿರಣಿಯ ಸಂಗಾತಿಗಳೆ, ಮಾಲೀಕನ ಮುಂದೆ ತಲೆಯೆತ್ತಿ ನಿಲ್ಲುವ ನಮ್ಮಲ್ಲೇ ಮನೆಗೆ ಹೋಗಿ ಕೈಯೆತ್ತುವವರಿದ್ದರೆ ಆ ಸಂಘದ ಬಾವುಟಕ್ಕೆ ಬಣ್ಣವಿಲ್ಲ. ಅಂತಹವನ ಪರವಾಗಿ ಸಂಘದವರು ರಾಜಿ ಪಂಚಾಯಿತಿಕೆಗೆ ಹೋಗಕೂಡದು. ಹೊರಟು ನಿಂತವಳ ಹಸುವನ್ನು ಟೆಂಪೋ ಹತ್ತಿಸಲು ಹೋಗಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಗೊತ್ತುವಳಿಯಾಗಿ ಮಂಡಿಸುತ್ತೇವೆ. ಅರ್ಜಿಯ ಕಾಗದ ಈಗ ಅಧ್ಯಕ್ಷರ ಮೇಜಿನ ಮೇಲಿದೆ. ಮೊದಲ ಸಹಿಗಳು ತಾಯಂದಿರದಾಗಿರಲಿ. ಗಂಡಸರು ಸಾಲಿನಲ್ಲಿ ಹಿಂದೆ ನಿಂತು ಹಾಕಿರಿ.